ಮಗಳು ಹಾರಿಸಿದ ಪುಟಗಳು

ಎರಡೂ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ ಅಪ್ಪನಿಗೆ ಹೊತ್ತು ಹೋಗಲೆಂದು ಮಗಳು ಗ್ರಂಥಾಲಯದಿಂದ ಗ್ರೀಕರ ಹಳೆಯ ಯುದ್ಧಕಾವ್ಯ ತಂದಳು. ನರ್ಸ್ ಕೆಲಸದವಳು, ರೋಗಿಗಳನ್ನು ಸುಮ್ಮನೆ ಕೂರಿಸುವುದು ಅವಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಈ ಅಪ್ಪ ಸುಮ್ಮನೆ ಕೂರುವ ಆಸಾಮಿಯೇ? ಯಾವ ರಾಜ ಎಷ್ಟು ಹಡಗು ತಂದನೆಂಬ ಮುಗಿಯದ ವರದಿಗೆ ಅವಳು ಆಕಳಿಸಿದರೆ, ಆಯುಷ್ಯವಿಡೀ ಲೇತ್ ಯಂತ್ರದ ಮುಂದೆ ನಿಂತಿದ್ದ ಆ ಮನುಷ್ಯ, "ಇನ್ನೊಂದ್ಸಲ ಓದೇ, ಚೆನ್ನಾಗಿದೆ" ಎನ್ನುತ್ತಿದ್ದರು.

ಕಾವ್ಯದಲ್ಲಿ ಮುತ್ತಿಗೆಗೆ ಸಿಕ್ಕ ಊರಿನ ಮುದಿ ರಾಜನ ಹಿರಿಮಗನೆಂದರೆ ಅವರಿಗೆ ಪಂಚಪ್ರಾಣ. ಅವನು ಕೋಟೆಯ ಹೊರಗೆ ಒಬ್ಬನೇ ನಿಂತಾಗ ಮಗಳ ಕಣ್ಣು ಮುಂದಿನ ಪುಟಕ್ಕೆ ಓಡಿತು. ಅಲ್ಲಿ ಅವನ ಸಾವಿತ್ತು. ಅವಳ ತಮ್ಮ ಬೈಕ್ ಅಪಘಾತದಲ್ಲಿ ತೀರಿಕೊಂಡು ಇನ್ನೂ ವರ್ಷ ತುಂಬಿರಲಿಲ್ಲ. ಹಾಳೆಗಳನ್ನು ಒಟ್ಟಿಗೆ ಮಗುಚಿ, ಆಮೇಲೆ ಬರುವ ರಥದ ಪಂದ್ಯವನ್ನು ಇಲ್ಲದ ಹುರುಪು ತಂದುಕೊಂಡು ಓದತೊಡಗಿದಳು.

"ತಡಿ," ಎಂದರು ಅಪ್ಪ. "ಆ ಹುಡುಗ ಏನಾದ?"

"ಆಮೇಲೆ ಬರ್ತಾನಪ್ಪ."

"ಪಟ್ಟಿ ಕಟ್ಟಿರೋದು ಕಣ್ಣಿಗೆ, ಕಿವಿಗಲ್ಲ. ಸತ್ತ ಅಲ್ವಾ? ಓದು."

ಹಿಂದಕ್ಕೆ ತಿರುವಿ ಓದಿದಳು. ಕೊಂದವನು ಹೆಣವನ್ನು ರಥಕ್ಕೆ ಕಟ್ಟಿ ಎಳೆದಾಡಿದ. ಕೊನೆಗೆ ಮುದಿ ರಾಜ ತಾನೇ ಶತ್ರುವಿನ ಬಿಡಾರಕ್ಕೆ ಹೋಗಿ, ಮಗನನ್ನು ಕೊಂದ ಕೈಗೇ ಮುತ್ತಿಟ್ಟು ಹೆಣ ಬೇಡಿದ.

"ಕೊಟ್ನಾ?"

"ಕೊಟ್ಟ."

"ಮುಖ ನೋಡೋಕೆ ಬಿಟ್ರಾ?"

ತಮ್ಮ ತೀರಿಕೊಂಡ ದಿನ ಶವಾಗಾರದ ಬಾಗಿಲಲ್ಲಿ ಅಪ್ಪನ ತೋಳು ಹಿಡಿದು ನಿಲ್ಲಿಸಿದ್ದವಳು ಮಗಳೇ. ಇಂಥದ್ದನ್ನೆಲ್ಲ ದಿನವೂ ಕಾಣುವವಳು, ತನಗೆ ತಿಳಿಯದ್ದೇನಿದೆ ಎಂದುಕೊಂಡು, "ನೋಡ್ಬೇಡಪ್ಪ, ನನ್ನ ಮಾತು ಕೇಳು" ಎಂದಿದ್ದಳು. ಅವರು ಮಗುವಿನಂತೆ ಕೇಳಿದ್ದರು. ಮುಚ್ಚಿದ ಬಟ್ಟೆ ಮುಚ್ಚಿದ ಹಾಗೇ ಎಲ್ಲ ಮುಗಿದಿತ್ತು. ಒಳ್ಳೆಯದನ್ನೇ ಮಾಡಿದೆನೆಂದು ಇಷ್ಟು ದಿನ ನಂಬಿದ್ದಳಲ್ಲ, ಅದಕ್ಕೆ ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

"ಬಿಟ್ರಪ್ಪ. ಮನೆಗೆ ತಂದ್ಮೇಲೆ ಎಲ್ರೂ ನೋಡಿದ್ರು."

"ಅಷ್ಟು ಎಳೆದಾಡಿದ್ಮೇಲೂ ನೋಡೋ ಹಾಗಿತ್ತಾ?"

"ಏನೂ ಆಗದ ಹಾಗೆ ದೇವತೆಗಳು ಕಾಪಾಡಿದ್ರಂತೆ."

ಅಪ್ಪ ಕೈಚಾಚಿ ತಡಕಾಡಿದರು. ಅವಳ ಕೈ ಸಿಕ್ಕಿತು.

"ಕಾಪಾಡ್ದೆ ಹೋಗಿದ್ರೂ ಆ ಮುದುಕ ನೋಡ್ತಿದ್ದ ಕಣೇ," ಎಂದರು. "ಅಪ್ಪ ಅಲ್ವಾ."