ಕೂತ ಜಾಗ

ಮತ್ತೆ ಅದೇ, ಬಿಳಿ ಪರದೆಯ ನಡುವೆ ಬೂದು ಬಣ್ಣದ ಒಂದು ಸಾಲು, ನಿಮ್ಮ ಹುಡುಕಾಟಕ್ಕೆ ಯಾವ ಫಲಿತಾಂಶವೂ ಸಿಗಲಿಲ್ಲ, ಎಷ್ಟು ಮರ್ಯಾದೆಯಿಂದ ಹೇಳುತ್ತದೆ ದರಿದ್ರದ್ದು — ಬೈಯಬೇಡ, ಲೈಬ್ರರಿ ಕಂಪ್ಯೂಟರು ಪಾಪ ಏನು ಮಾಡೀತು, ಉದ್ಧರಣ ಚಿಹ್ನೆ ತೆಗೆದು ನೋಡು, ಇಡೀ ವಾಕ್ಯ ಬೇಡ, ಅರ್ಧ ಸಾಕು. ಮೇಲಿನ ಮಹಡಿಯಲ್ಲಿ ಅವರು ಟೀ ಕುಡಿಯುತ್ತಿದ್ದಾರೆ, ನನ್ನ ಪಿಎಚ್‌ಡಿ ವೈವಾ ಒಂದು ಲೋಟ ಟೀಗೋಸ್ಕರ ನಿಂತಿದೆ, ಹೊರಗಿನಿಂದ ಬಂದ ಪರೀಕ್ಷಕರು ಕನ್ನಡಕ ಹಣೆಗೇರಿಸಿ, ಎಂಥಾ ವಾಕ್ಯ ಅಮ್ಮಾ ಇದು, ಇಷ್ಟು ವರ್ಷದಿಂದ ಈ ಲೇಖಕಿಯನ್ನ ಓದ್ತಿದ್ದೀನಿ, ನನ್ನ ಕಣ್ಣಿಗೆ ಬಿದ್ದೇ ಇಲ್ವಲ್ಲ, ಯಾವ ಕತೆ, ಯಾವ ಪುಟ, ಟೀ ಮುಗಿಯೋದ್ರೊಳಗೆ ತೋರಿಸಿಬಿಡಿ — ನಕ್ಕೇ ಹೇಳಿದರು. ಗೈಡ್ ಮೇಡಂ ಮೆಟ್ಟಿಲವರೆಗೂ ಬಂದು ಮೆಲ್ಲಗೆ, ಮೂರನೇ ಅಧ್ಯಾಯ ನಿಂತಿರೋದೇ ಆ ವಾಕ್ಯದ ಮೇಲೆ, ಸಿಗಲಿಲ್ಲ ಅಂದ್ರೆ ನೀನೇ ಕಟ್ಟಿದ್ದು ಅಂತಾರೆ, ಆಮೇಲೆ ಡಿಗ್ರಿ ಮರೆತುಬಿಡು. ಈ ಮನೆಯಲ್ಲಿ ನಾನು ಕೂತ ಜಾಗವೂ ಬೆಚ್ಚಗಾಗುವುದಿಲ್ಲ — ಅಧ್ಯಾಯದ ತಲೆಬರಹವೇ ಅದು, ಅಡಿಟಿಪ್ಪಣಿಯಲ್ಲಿ ಪುಟ ಸಂಖ್ಯೆ ಮಾತ್ರ ಖಾಲಿ, ಆಮೇಲೆ ತುಂಬೋಣ ಅಂತ ಬಿಟ್ಟದ್ದು, ಆಮೇಲೆ ಅನ್ನುವುದೇ ನನ್ನ ಮನೆದೇವರು. ಲೇಖಕಿಯ ಹೆಸರು ಹಾಕು, ಎಲ್ಲ ಸಂಕಲನಕ್ಕೂ ಗುರುತು ಹಾಕು, ಬೆಚ್ಚಗೆ — ಬಂತು, ಬಂತು, ಬೆಚ್ಚಗಿನ ಹಾಲು, ಬೆಚ್ಚಗಿನ ಕಂಬಳಿ, ಮಗುವಿನ ಬೆಚ್ಚಗಿನ ಅಂಗಾಲು, ಈಕೆಯ ಕತೆಗಳಲ್ಲಿ ಎಲ್ಲರೂ ಬೆಚ್ಚಗೇ ಇದ್ದಾರಲ್ಲ, ಹಾಗಾದರೆ ನನ್ನ ಗತಿ — ಹಳೇ ಪತ್ರಿಕೆಗಳ ಡೇಟಾಬೇಸ್ ತೆಗಿ, ಸಂದರ್ಶನದಲ್ಲಿ ಹೇಳಿರಬಹುದು, ಇಲ್ಲ, ಭಾಷಣ, ಇಲ್ಲ, ನಿಮ್ಮ ಅವಧಿ ಮುಗಿಯುತ್ತಿದೆ ಮುಂದುವರಿಸಬೇಕೆ, ಹೌದಪ್ಪ ಹೌದು, ಮುಂದುವರಿಸು, ಓದಿದ್ದೀನಿ, ಆಣೆ ಮಾಡಿ ಹೇಳ್ತೀನಿ ಓದಿದ್ದೀನಿ, ಇಲ್ಲೇ ಕೂತು ಟಿಪ್ಪಣಿ ಮಾಡಿದ್ದು, ಬೆರಳು ತಾನಾಗಿ ಒತ್ತುತ್ತಿದೆ, ಕೂತ ಜಾಗ ಕೂಡ ಬೆಚ್ಚಗಾಗಲ್ಲ ಕಣೇ —

ಕಣೇ? ಲೇಖಕಿ ಯಾವತ್ತು ನನ್ನನ್ನ ಕಣೇ ಅಂದಳು, ನನ್ನನ್ನ ಹಾಗನ್ನುವವಳು ಒಬ್ಬಳೇ, ಅಕ್ಕ, ಅಯ್ಯೋ ಅಕ್ಕ, ಹೆಗಲಿಗೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ನಾನು ಟೈಪು ಮಾಡುತ್ತಿದ್ದೆ, ಅವಳು ಗಂಡನ ಮನೆಯ ಅಡುಗೆಕೋಣೆಯಿಂದ ಪಿಸುಗುಡುತ್ತಿದ್ದಳು, ನಾನು ಹೂಂ, ಹೂಂ, ಕಿವಿಗೆ ಬಿದ್ದದ್ದು ಬೆರಳಿಗಿಳಿದು ಟಿಪ್ಪಣಿ ಸೇರಿದೆ, ಆಮೇಲೆ ಫೋನ್ ಮಾಡ್ತೀನಕ್ಕ, ಓದ್ತಿದ್ದೀನಿ ಅಂದಿದ್ದೆ ಅವತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದು ಇದೇ. ಒಂದಿಡೀ ಅಧ್ಯಾಯ ಬರೆದೆನಲ್ಲ, ರೂಪಕ ಅಂದೆ, ಹೆಣ್ಣಿನ ನೆಲೆಯಿಲ್ಲದ ಬದುಕಿನ ಅದ್ಭುತ ರೂಪಕ, ನಾಚಿಕೆಯಾಗಬೇಕು ನನಗೆ, ಆಗುತ್ತಿದೆ, ಅವಳು ಇದ್ದದ್ದನ್ನ ಇದ್ದ ಹಾಗೆ ಹೇಳಿದ್ದಳು, ಬೆಚ್ಚಗಾಗುವಷ್ಟು ಹೊತ್ತು ಅವಳನ್ನ ಆ ಮನೆಯಲ್ಲಿ ಯಾರೂ ಕೂರಲು ಬಿಡುವುದಿಲ್ಲ — ಹೋದ ಸಲ ಊಟಕ್ಕೆ ಮೇಜಿನ ಸುತ್ತ ಎಲ್ಲರೂ ಕೂತಿದ್ದೆವು, ಅವಳು ಬಾಗಿಲ ಪಕ್ಕ ತಟ್ಟೆ ಹಿಡಿದು ನಿಂತಿದ್ದಳು, ನೀನೂ ಕೂತ್ಕೊಳ್ಳಕ್ಕ ಅಂದರೆ ಭಾವ ನಕ್ಕು, ಅವಳಿಗೆ ನಿಂತೇ ಅಭ್ಯಾಸ, ನಾನೂ ನಕ್ಕೆ. ಸಿಕ್ತೇನೇ, ಮೆಟ್ಟಿಲಿನಿಂದ ಮೇಡಂ, ಕರೀತಿದ್ದಾರೆ ಬಾ, ಸಿಕ್ತು ಮೇಡಂ, ಫೋನು ಆಗಲೇ ಕಿವಿಯಲ್ಲಿದೆ, ಎತ್ತು, ಎತ್ತಕ್ಕ, ಏನೇ, ಮುಗೀತಾ, ಡಾಕ್ಟರಮ್ಮ ಆಗಿಬಿಟ್ಯಾ, ಎಷ್ಟು ಖುಷಿ ಆ ದನಿಯಲ್ಲಿ, ಅಕ್ಕಾ, ಈಗ ಕೂತಿದ್ದೀಯಾ, ಇದೆಂಥ ಪ್ರಶ್ನೆ ಕಣೇ, ಹೇಳಕ್ಕಾ, ಕೂತಿದ್ದೀಯಾ, ಇಲ್ಲ ಕಣೇ ನಿಂತಿದ್ದೀನಿ, ಯಾಕೆ — ಆ ಕಡೆ ಯಾರೋ ಅವಳನ್ನ ಕೂಗುತ್ತಿದ್ದಾರೆ, ಈ ಕಡೆ ಮೇಡಂ, ಪುಟ ಎಷ್ಟು ಅದನ್ನಾದ್ರೂ ಹೇಳು, ಬಾಗಿಲ ಪಕ್ಕ, ತಟ್ಟೆ ಹಿಡಿದು, ನಿಂತಿದ್ದಾಳೆ, ನಿಂತೇ