ಅಜ್ಜಿ ಸಾಯದ ಮಾಡ್

ಗುಬ್ಬಿಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದ ಮಧುಶ್ರೀ ಪಾಳಿ ಮುಗಿಸಿ ತುಮಕೂರಿನ ಮನೆ ಸೇರುವಷ್ಟರಲ್ಲಿ ಬ್ಯಾಗನ್ನು ಇಡಲೂ ಆಗದಷ್ಟು ದಣಿದಿರುತ್ತಿದ್ದಳು. ಮನಸ್ಸಿಗೆ ಹಗುರವಾಗಲಿ ಎಂದು ತಮ್ಮ ಪ್ರಭುದೇವ ತನ್ನ ಲ್ಯಾಪ್‌ಟಾಪಿನಲ್ಲಿ ಒಂದು ಗೇಮ್ ಹಾಕಿಕೊಟ್ಟಿದ್ದ. ಬೆಟ್ಟದೂರಿನ ಹುಡುಗಿಯೊಬ್ಬಳು ಅಜ್ಜಿಯ ಜೊತೆ ಕುರಿ ಕಾಯುವ ಆಟ. ಹೊಡೆದಾಟವಿಲ್ಲ, ಗುಂಡಿಲ್ಲ. ಬಾಯಿಬಡುಕಿ ಅಜ್ಜಿ ಮಧುಶ್ರೀಗೆ ಹಿಡಿಸಿಬಿಟ್ಟಿದ್ದಳು.

ಒಂದು ಬೆಳಿಗ್ಗೆ, ಶಿರಾ ಗೇಟಿನ ತನ್ನ ಟೈರ್ ಅಂಗಡಿಗೆ ಹೊರಟಿದ್ದ ಪ್ರಭುದೇವ ಪರದೆ ನೋಡಿ ನಿಂತ. ಮುಂದಿನ ಭಾಗದಲ್ಲಿ ಅಜ್ಜಿ ಸಾಯುತ್ತಾಳೆಂದೂ ಅವಳನ್ನು ಉಳಿಸುವ ಮಾಡ್ ಒಂದಿದೆಯೆಂದೂ ಹೇಳಿದ. ಅದು ಗೇಮ್ ತಯಾರಿಸಿದವರದಲ್ಲ, ಆಟವನ್ನು ಬದಲಿಸಲೆಂದು ಆಡುವವರಲ್ಲೇ ಯಾರೋ ಬರೆದು ಸೇರಿಸಿದ್ದು.

“ಮೊದಲ್ನೇ ಸಲ ಆಡುವಾಗ ಅವರು ಮಾಡಿಟ್ಟ ಹಂಗೇ ಆಡ್ಬೇಕಲ್ವೇನೋ?”

“ನನ್ ಕೈಲಿ ಆಗ್ಲಿಲ್ಲ ಕಣಕ್ಕ. ಮಾಡ್ ಹಾಕ್ಕೊಂಡೇ ಮುಗಿಸ್ದೆ.”

ಅಮ್ಮ ಉಮಾಮಹೇಶ್ವರಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಆಗ ಪಕ್ಕದಲ್ಲಿದ್ದವನು ಪ್ರಭುದೇವ ಒಬ್ಬನೇ. ಮಧುಶ್ರೀ ಗುಬ್ಬಿಯಲ್ಲಿ ಇನ್ಯಾರದೋ ತಾಯಿಗೆ ಡ್ರಿಪ್ ಹಾಕುತ್ತಿದ್ದಳು. ಆ ದಿನದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಪಾಳಿ ಮುಗಿಸಿ ಬಂದಿದ್ದ ಮಧುಶ್ರೀಗೆ ಈಗ ಯೋಚಿಸಿ ತೀರ್ಮಾನಿಸುವಷ್ಟು ತ್ರಾಣ ಇರಲಿಲ್ಲ. ಹಾಕು ಎಂದಳು.

ಅಜ್ಜಿ ಉಳಿದಳು. ಆದರೆ ಅಲ್ಲಿಂದಾಚೆಗೆ ಅವಳಿಗೆಂದು ಯಾರೂ ಮಾತು ಬರೆದಿರಲಿಲ್ಲ. ಒಲೆಯ ಮುಂದೆ ಕೂತು, ಯಾವಾಗ ಹತ್ತಿರ ಹೋದರೂ ಚಳಿಯಿದೆ ಹೊದ್ದುಕೋ ಎನ್ನುತ್ತಿದ್ದಳು. ಬೇಸಿಗೆ ಬಂದರೂ ಅದೇ ಮಾತು. ಹುಡುಗಿ ಹಾವು ಕಡಿಸಿಕೊಂಡು ಬಂದರೂ ಅದೇ. ಮಧುಶ್ರೀ ಕೆಲವು ದಿನ ಹಾಗೇ ಆಡಿದಳು. ಆಮೇಲಾಮೇಲೆ ಅಜ್ಜಿಯಿದ್ದ ಮನೆಯೊಳಕ್ಕೆ ಹೋಗುವುದನ್ನೇ ಬಿಟ್ಟಳು.

ರಜೆಯ ಮಧ್ಯಾಹ್ನ ತಮ್ಮನಿಗೆ ಮಾಡ್ ತೆಗೆಯಲು ಹೇಳಿದಳು. ಅವನು ತೆಗೆದು, ಅಜ್ಜಿ ಸಾಯುವುದಕ್ಕೆ ಮುಂಚಿನ ಜಾಗದಿಂದ ಆಟ ಶುರುಮಾಡಿಕೊಟ್ಟು ಎದ್ದ.

“ಕೂತ್ಕೋ. ಅವತ್ತಂತೂ ನಾನಿರ್ಲಿಲ್ಲ.”

ಅವನು ಕೂತ.

ಅಜ್ಜಿ ಸಾಯಲು ಬಹಳ ಹೊತ್ತು ಹಿಡಿಯಿತು. ಕುರಿಗಳ ಬಗ್ಗೆ ಏನೇನೋ ಹೇಳಿದಳು, ನಡುವೆ ನಿದ್ದೆಹೋದಳು, ಎದ್ದು ನೀರು ಕೇಳಿದಳು.

“ಅಮ್ಮಾನೂ ನೀರು ಕೇಳಿದ್ಲು,” ಎಂದ ಪ್ರಭುದೇವ, ಪರದೆಯಿಂದ ಕಣ್ಣು ತೆಗೆಯದೆ. “ಕುಡ್ದು, ಮಧು ಡ್ಯೂಟಿ ಎಷ್ಟೊತ್ತಿಗೆ ಮುಗಿಯುತ್ತೆ ಅಂದ್ಲು. ಇನ್ನೇನು ಬಂದ್ಬಿಡ್ತಾಳೆ ಅಂದೆ.”

ಮಧುಶ್ರೀ ಆಟ ನಿಲ್ಲಿಸಿದಳು. ಆಮೇಲೇನಾಯಿತು ಎಂದು ಕೇಳಿದಳು. ಪ್ರಭುದೇವ ಸಂಜೆಯಾಗುವವರೆಗೂ ತಡೆತಡೆದು ಹೇಳಿದ. ಅವಳು ಗೋಡೆಗೊರಗಿ ಎಲ್ಲವನ್ನೂ ಕೇಳಿಸಿಕೊಂಡಳು.