ಅತ್ತೆಯ ಇಎಸ್‌ಆರ್

ಕೊಬ್ಬರಿ ವಾಸನೆ, ಅರಸೀಕೆರೆಗೆ ಬಂದರೆ ಡಾಕ್ಟರ ಕೋಣೆಯೊಳಗೂ ಬಿಡುವುದಿಲ್ಲ, ಹೊರಗೆ ಲಾರಿಗೆ ಮೂಟೆ ಏರಿಸುತ್ತಿರಬೇಕು, ಡಾಕ್ಟರ ಪೆನ್ನು ಅತ್ತೆಯ ರಿಪೋರ್ಟಿನ ಮೇಲೆ ಟಕ್ ಟಕ್ ಅನ್ನುತ್ತಿದೆ, ಇಎಸ್‌ಆರ್ ಎಪ್ಪತ್ತೆರಡು, ಇದು ಕಾಯಿಲೆ ಹೆಸರಲ್ಲಮ್ಮ, ರಕ್ತವನ್ನ ಕೊಳವೇಲಿ ನಿಲ್ಲಿಸಿದ್ರೆ ಒಂದು ಗಂಟೇಲಿ ಕೆಂಪುಕಣ ಎಷ್ಟು ಕೆಳಗಿಳೀತು ಅನ್ನೋ ಲೆಕ್ಕ ಅಷ್ಟೇ, ಬೇಗ ಇಳಿದ್ರೆ ಮೈಯಲ್ಲಿ ಎಲ್ಲೋ ಉರಿಯೂತ ಇರಬಹುದು ಅಂತ, ಹೊಗೆ ಕಂಡ ಹಾಗೆ, ಒಲೆಯೋ ಊದುಬತ್ತಿಯೋ ಅಂತ ಹೊಗೆ ಹೇಳಲ್ಲ, ವಯಸ್ಸಾದ್ರೂ ಏರುತ್ತೆ, ರಕ್ತ ಕಮ್ಮಿ ಇದ್ರೂ ಏರುತ್ತೆ — ನಾನು ತಲೆಯಾಡಿಸುತ್ತೇನೆ, ಬಿಎಸ್ಸಿ ಓದಿದವಳ ಗತ್ತಿನಲ್ಲಿ — ಎಕ್ಸ್‌ರೇ ಚೆನ್ನಾಗಿದೆ, ಕಫದಲ್ಲೂ ಏನಿಲ್ಲ, ನಿಮ್ಮತ್ತೆಗೆ ಇರೋದು ಕೀಲುವಾತ, ಬೆಳಿಗ್ಗೆ ಬೆರಳು ಸೆಟೆದುಕೊಳ್ಳುತ್ತೆ ಅಲ್ವಾ, ಕ್ಷಯ ಅಂತ ನಿಮಗೆ ಯಾರು ಹೇಳಿದ್ದು. ಯಾರೋ ಅಂದ್ರು ಸಾರ್, ಅಂದೆ.

ಯಾರೋ ಅಂತೆ, ಮಳ್ಳಿ, ರಿಪೋರ್ಟು ಕೈಗೆ ಬಂದ ರಾತ್ರಿ ಫೋನಿನಲ್ಲಿ ಹುಡುಕಿದವಳು ನಾನು, ಅಲ್ಲಿದ್ದ ನೂರು ಕಾರಣ ಬಿಟ್ಟು ಕ್ಷಯದ ಮೇಲೇ ಬೆರಳಿಟ್ಟವಳೂ ನಾನು, ಅತ್ತೆಗೆ ಹಳೇ ಕೆಮ್ಮು ಬೇರೆ ಇತ್ತಲ್ಲ, ಮರುದಿನವೇ ನಮ್ಮ ಜೈನ ಮುನಿಮಹಾರಾಜರಿಗೆ ಆಹಾರ ಕೊಡುವುದು, ಹಳೇಬೀಡಿನ ಬಸದಿಗೆ ಬಂದಿದ್ದರು, ದಿನಕ್ಕೆ ಒಂದೇ ಹೊತ್ತು, ನಿಂತುಕೊಂಡು, ಬೊಗಸೆಯೇ ತಟ್ಟೆ ಬೊಗಸೆಯೇ ಲೋಟ, ಆ ಬೊಗಸೆಗೆ ಮೊದಲ ನೀರು ಹುಯ್ಯುವುದು ಮನೆಯ ಹಿರಿಯಳು, ಅಂದರೆ ಅತ್ತೆ, ವಾರದಿಂದ ಹಿತ್ತಲಲ್ಲಿ ಗಿಂಡಿ ಹಿಡಿದು ನನ್ನ ಕೈಗೇ ಹುಯ್ದು ಅಭ್ಯಾಸ ಮಾಡುತ್ತಿದ್ದರು, ಬೆರಳು ಕೂಡಿಸ್ಕೊ ಮಹಿಮಾ, ಒಂದು ತೊಟ್ಟೂ ಆಚೆ ಹೋಗಬಾರ್ದು ಕಣಮ್ಮ, ಅವರ ಕೈ ನಡುಗುತ್ತಿತ್ತು, ಭಕ್ತಿ ಅಂದುಕೊಂಡೆ, ನೋವಂತೆ ಅದು. ರೋಗ ಇರೋರ ಕೈಯಿಂದ ಆಹಾರ ಸಲ್ಲದು ಅತ್ತೆ, ನಾನೇ ಹೇಳಿದೆ, ಶಾಸ್ತ್ರ ನನ್ನ ಬಾಯಿಗೆ ಅವತ್ತು ಎಷ್ಟು ಸಲೀಸಾಗಿ ಬಂತು, ಡಾಕ್ಟ್ರನ್ನ ಒಂದ್ಮಾತು ಕೇಳೋಣ ಕಣೇ ಅಂದರು ನನ್ನ ಗಂಡ ಅನಂತ್, ಬೆಳಗಾದ್ರೆ ಆಹಾರ, ಇನ್ನೆಲ್ಲಿಯ ಡಾಕ್ಟ್ರು, ಅಂದೆ. ಹೆದರಿದ್ದು ನಿಜ. ಹೆದರಿಕೆಯ ಹಿಂದೆಯೇ ಒಂದು ಖುಷಿ ಇದ್ದದ್ದೂ ನಿಜ, ಅತ್ತೆ ಇಲ್ಲದಿದ್ದರೆ ಮುಂದೆ ನಿಲ್ಲುವವಳು ನಾನು, ಥೂ, ಏನು ಜನ್ಮ ನನ್ನದು. ಬೆಳಿಗ್ಗೆ ಅತ್ತೆ ಮಡಿ ಸೀರೆಯಲ್ಲೇ ಹೋಗಿ ಹಿತ್ತಲ ಬಾಗಿಲಲ್ಲಿ ನಿಂತರು, ನಾನು ಕಳಶ ಹಿಡಿದು ನಮೋಸ್ತು ನಮೋಸ್ತು ಅಂದೆ, ಮುನಿಗಳು ನಮ್ಮ ಬಾಗಿಲಲ್ಲೇ ನಿಂತರು, ಬೊಗಸೆ ಒಡ್ಡಿದರು, ಒಂದು ತೊಟ್ಟೂ ಆಚೆ ಹೋಗಲಿಲ್ಲ, ವಾರವೆಲ್ಲ ಅತ್ತೆ ಹುಯ್ಯುವುದನ್ನು ನೋಡಿ ಕಲಿತ ಕೈ ತಾನೆ. ಸಂಜೆಯಿಂದ ಅತ್ತೆಯ ತಟ್ಟೆ ಬೇರೆ, ಲೋಟ ಬೇರೆ. ಮಹಾರಾಜರು ನಡೆದು ಹೋಗಿಯಾಯಿತು, ಮತ್ತೆ ಈ ಕಡೆ ಯಾವಾಗಲೋ, ಅತ್ತೆ ಇರುವುದರೊಳಗೆ ಬರುತ್ತಾರೋ ಇಲ್ಲವೋ.

ಹೊರಗೆ ಬೆಂಚಿನ ಮೇಲೆ ಅತ್ತೆ, ಸೆರಗನ್ನು ಬಾಯಿಗೆ ಒತ್ತಿಕೊಂಡೇ ಕೂತಿದ್ದಾರೆ, ಪಕ್ಕದವರಿಗೆ ಅಂಟೀತು ಅಂತ, ನಾನು ಹೇಳಿಕೊಟ್ಟದ್ದು ಅದೂ. ಏನಂದ್ರಮ್ಮ ಡಾಕ್ಟ್ರು. ಒಂದು ಮಾತ್ರೆ ಈಗಲೇ ನುಂಗಬೇಕಂತೆ ಅತ್ತೆ, ಅಂದೆ, ಅಷ್ಟೇ ಅಂದೆ, ಚೀಲದಿಂದ ಬಟ್ಟೆಯಲ್ಲಿ ಗಾಳಿಸಿದ ನೀರಿನ ಬಾಟಲಿ ತೆಗೆದೆ, ಲೋಟವನ್ನೂ ತೆಗೆದೆ, ನನ್ನದೇ ಲೋಟ, ಬ್ಯಾಡ ಕಣಮ್ಮ, ಆಮೇಲೆ ನೀನು ಕುಡಿಯೋದು, ಮೇಲಿಂದ ಹುಯ್ಯಿ, ಎನ್ನುತ್ತಾ ಮಾತ್ರೆ ನಾಲಿಗೆಯ ಮೇಲಿಟ್ಟುಕೊಂಡು ಎರಡೂ ಕೈ ಕೂಡಿಸಿ ಬೊಗಸೆ ಒಡ್ಡಿದರು. ಹೇಳು ಮಹಿಮಾ, ಈಗ ಹೇಳದಿದ್ದರೆ ನೀನು ಮನುಷ್ಯಳಲ್ಲ, ಬಾಟಲಿ ಬಗ್ಗಿಸಿದೆ, ಅಂಟೋ ರೋಗ ಅಲ್ವಂತೆ ಅತ್ತೆ, ಕೀಲುವಾತ ಅಂತೆ, ಕ್ಷಯ ಅಲ್ಲವೇ ಅಲ್ಲವಂತೆ. ಅವರು ಗುಟುಕು ನುಂಗಿದರು, ನನ್ನ ಮುಖ ನೋಡಿದರು, ಹಂಗಾದ್ರೆ ಅವತ್ತು ಮುನಿಗಳಿಗೆ ನಾನೂ — ಅಷ್ಟಕ್ಕೇ ನಿಲ್ಲಿಸಿದರು, ಬೊಗಸೆ ಮಾತ್ರ ಇಳಿಸಲಿಲ್ಲ, ನಾನು ಇನ್ನೂ ಹುಯ್ಯುತ್ತಲೇ ಇದ್ದೇನೆ, ಬೆರಳು ಕೂಡುತ್ತಿಲ್ಲ ಅವರಿಗೆ, ಸೊಟ್ಟ ಬೆರಳು, ಊದಿದ ಗಿಣ್ಣು, ಸಂದಿಯಿಂದ ನೀರು ಸೋರಿ ಸೀರೆಗೆ, ನೆಲಕ್ಕೆ, ಒಂದು ತೊಟ್ಟೂ ಆಚೆ ಹೋಗಬಾರದು ಕಣಮ್ಮ, ಬೊಗಸೆ, ನೀರು, ಆ ಬೊಗಸೆ…